ಡೌನ್‌ವೋಟ್ ಬಾಣ ಇರಬೇಕಾ? ನಮ್ಮ ಬಸ್ ಚರ್ಚೆಯಲ್ಲಿ ಆದದ್ದನ್ನು ನೋಡಿ ಕೇಳುತ್ತಿದ್ದೇನೆ

ಬಿಜೈ_ಓದುಗ

ಕಳೆದ ತಿಂಗಳು ಇಲ್ಲಿ ಸರಕಾರಿ ಬಸ್ಸಿನ ಬಗ್ಗೆ ದೊಡ್ಡ ಚರ್ಚೆ ಆಯಿತು, ನೆನಪುಂಟಲ್ವಾ? 2023ರ ಜೂನ್ 11ಕ್ಕೆ ಶಕ್ತಿ ಯೋಜನೆ ಶುರುವಾಯಿತು. ಸರಕಾರಿಯ ಸಾಮಾನ್ಯ ಬಸ್ಸಿನಲ್ಲಿ ಕರ್ನಾಟಕದ ಹೆಂಗಸರಿಗೆ ಟಿಕೆಟ್ ದುಡ್ಡು ಇಲ್ಲ. ಆದರೆ ಮಂಗಳೂರು, ಉಡುಪಿ ಕಡೆ ಓಡುವುದು ಹೆಚ್ಚಾಗಿ ಖಾಸಗಿ ಬಸ್. ಯೋಜನೆ ಇದ್ದರೂ ನಮ್ಮ ಕಡೆಯ ಎಷ್ಟೋ ಹೆಂಗಸರು ದಿನಾ ಟಿಕೆಟ್ ತೆಗೆದೇ ಹೋಗುತ್ತಾರೆ.

ಬ್ರಹ್ಮಾವರದಿಂದ ದಿನಾ ಮಂಗಳೂರಿಗೆ ಕೆಲಸಕ್ಕೆ ಬರುವ ಒಬ್ಬ ಸದಸ್ಯೆ ಆ ಚರ್ಚೆಯಲ್ಲಿ ಬರೆದರು. ಈ ರೂಟಿಗೆ ಸರಕಾರಿ ಬಸ್ ಜಾಸ್ತಿ ಬೇಕು, ಸಂಬಳದ ದೊಡ್ಡ ಪಾಲು ಬಸ್ಸಿಗೇ ಹೋಗುತ್ತದೆ ಅಂತ. ಯಾರನ್ನೂ ಬೈದಿರಲಿಲ್ಲ. ಯಾವ ಪಕ್ಷದ ಹೆಸರನ್ನೂ ಎತ್ತಿರಲಿಲ್ಲ. ತಮ್ಮ ಖರ್ಚಿನ ಲೆಕ್ಕ ಮಾತ್ರ ಹೇಳಿದ್ದರು.

ಆ ಕಮೆಂಟಿಗೆ ಜನ ಕೆಳಗಿನ ಬಾಣ, ಅಂದರೆ ಡೌನ್‌ವೋಟ್, ಒತ್ತಿದರು. ಒಂದೊಂದು ಒತ್ತಿಗೆ ಒಂದು ಅಂಕ ಮೈನಸ್. ಅರ್ಧ ಗಂಟೆಯಲ್ಲಿ ಮೈನಸ್ 7. ರಾತ್ರಿಗೆ ಮೈನಸ್ 19. ಕಮೆಂಟ್ ಮಡಚಿಕೊಂಡಿತು. ಒತ್ತಿದರೆ ಮಾತ್ರ ಕಾಣುತ್ತದೆ. ಯಾರು ಒತ್ತುತ್ತಾರೆ? ಉತ್ತರ ಬಂದದ್ದು ಎರಡೇ. ಎರಡೂ ಒಂದೊಂದು ಸಾಲು.

ಆ 19ರಲ್ಲಿ ಒಂದು ನನ್ನದು. ನಾನು ಬಸ್ಸಿನಲ್ಲೇ ಕೂತಿದ್ದೆ. ಪಂಪ್‌ವೆಲ್‌ನಲ್ಲಿ ಬ್ಲಾಕ್ ಆಗಿತ್ತು. ಓದಿದೆ, ಒಪ್ಪಲಿಲ್ಲ, ಒತ್ತಿದೆ. ಒಪ್ಪದೇ ಇರುವುದಕ್ಕೆ ನನ್ನ ಹತ್ತಿರ ಕಾರಣ ಇತ್ತು. ಅದನ್ನು ಬರೆಯಲಿಲ್ಲ. ಬಾಣ ಒತ್ತಿದ ಮೇಲೆ ಹೇಳಬೇಕಾದ್ದು ಹೇಳಿ ಆಯಿತು ಅನಿಸಿಬಿಟ್ಟಿತು.

ಅವರು ಆಮೇಲೆ ಇಲ್ಲಿ ಏನೂ ಬರೆದಿಲ್ಲ. ನಿನ್ನೆ ನೋಡಿದೆ. ಈಗ ಆ ಥ್ರೆಡ್ ಓದಿದವರಿಗೆ ಕರಾವಳಿಯವರಿಗೆಲ್ಲ ಖಾಸಗಿ ಬಸ್ಸೇ ಸಾಕು ಅಂತಲೇ ಕಾಣುತ್ತದೆ. ಅದು ನಿಜವಾ? ಸಂಜೆ ಸ್ಟೇಟ್‌ಬ್ಯಾಂಕ್ ಬಸ್‌ಸ್ಟ್ಯಾಂಡಿನಲ್ಲಿ ನಿಂತ ಹೆಂಗಸರನ್ನು ಕೇಳಿದರೆ ಬೇರೆ ಬೇರೆ ಉತ್ತರ ಬರುತ್ತದೆ ಅಂತ ನನಗೆ ಗೊತ್ತು.

ಅದಕ್ಕೇ ಕೇಳುತ್ತಿದ್ದೇನೆ. ರಾಜಕೀಯ ಮಾತಾಡುವ ಜಾಗದಲ್ಲಿ ಈ ಬಾಣ ನಮಗೆ ಬೇಕಾ?

ಮಣಿಪಾಲ_ಕೋಡರ್

ಒಳ್ಳೆ ಪ್ರಶ್ನೆ. ಬಾಣ ಯಾಕೆ ಬಂತು ಅಂತ ಮೊದಲು ಹೇಳುತ್ತೇನೆ. ಅದನ್ನು ಮಾಡಿದವರು ಕೆಟ್ಟ ಉದ್ದೇಶದಿಂದ ಮಾಡಿದ್ದಲ್ಲ.

ಓದುವವರೇ ಮತ ಒತ್ತುವ ಚರ್ಚಾ ತಾಣ ರೆಡ್ಡಿಟ್ ಶುರುವಾದದ್ದು 2005ರಲ್ಲಿ. ಸಂಬಳದ ಸಂಪಾದಕರಿಲ್ಲದೆ ಓದುವವರೇ ಒಳ್ಳೆಯದನ್ನು ಮೇಲೆ ತರಬೇಕು, ಕಸವನ್ನು ಕೆಳಗೆ ತಳ್ಳಬೇಕು ಅನ್ನುವುದು ಲೆಕ್ಕಾಚಾರ. ಅವರದೇ ನಡವಳಿಕೆಯ ಸೂಚನೆಯಲ್ಲಿ ಒಂದು ಮಾತು ಉಂಟು: ಒಪ್ಪಲಿಲ್ಲ ಅನ್ನುವ ಕಾರಣಕ್ಕೆ ಡೌನ್‌ವೋಟ್ ಮಾಡಬೇಡಿ, ಚರ್ಚೆಗೆ ಏನೂ ಸೇರಿಸದ ಕಮೆಂಟಿಗೆ ಮಾತ್ರ ಮಾಡಿ ಅಂತ. ಅದನ್ನು ಪಾಲಿಸುವವರು ಕಡಿಮೆ. ಹ್ಯಾಕರ್ ನ್ಯೂಸ್ ಅನ್ನುವ ತಂತ್ರಜ್ಞಾನದ ಚರ್ಚಾ ತಾಣ ಕಟ್ಟಿದ ಪಾಲ್ ಗ್ರಹಾಂ ಅವರಂತೂ ಒಪ್ಪದಿದ್ದರೆ ಒತ್ತಿದರೆ ತಪ್ಪಿಲ್ಲ ಅಂತ ನೇರವಾಗಿಯೇ ಹೇಳಿದ್ದರು. ಬಾಣದ ಅರ್ಥ ಏನು ಅಂತ ಅದನ್ನು ಕೊಟ್ಟವರಲ್ಲೇ ಒಮ್ಮತ ಇಲ್ಲ.

ಅಡುಗೆ, ಕ್ರಿಕೆಟ್, ಮೊಬೈಲ್ ರಿಪೇರಿಯ ಚರ್ಚೆಯಲ್ಲಿ ಇದರಿಂದ ದೊಡ್ಡ ತೊಂದರೆ ಇಲ್ಲ. ತಪ್ಪು ಉತ್ತರ ಕೆಳಗೆ ಹೋಗುತ್ತದೆ. ರಾಜಕೀಯದಲ್ಲಿ ಹಾಗಲ್ಲ. ಅಲ್ಲಿ "ಇದು ಸುಳ್ಳು", "ಇವನು ಬೈದ", "ನನಗೆ ಇಷ್ಟ ಆಗಲಿಲ್ಲ" ಮೂರೂ ಒಂದೇ ಬಾಣಕ್ಕೆ ಸೇರುತ್ತವೆ. ಲೆಕ್ಕದಲ್ಲಿ ಮೂರಕ್ಕೂ ಮೈನಸ್ ಒಂದೇ.

ಶಂಕರಪುರ_ಮಲ್ಲಿಗೆ

ನಾನು ಬಾಣದ ಪರ. ಸ್ವಲ್ಪ ಖಾರವಾಗಿ ಬರೆದರೆ ಬೇಜಾರು ಮಾಡಬೇಡಿ.

ಎರಡು ವರ್ಷದ ಹಿಂದೆ ನಾನು ಇನ್ನೊಂದು ಗುಂಪಿನಲ್ಲಿದ್ದೆ. ಅಲ್ಲಿ ಲೈಕ್ ಮಾತ್ರ ಇತ್ತು. ನಮ್ಮ ಊರಿನ ಪಂಚಾಯತ್ ಚುನಾವಣೆಗೆ ನಿಂತ ಹೆಂಗಸಿನ ಬಗ್ಗೆ ಒಬ್ಬ ಬರೆದ ಮಾತು ಇಲ್ಲಿ ಹೇಳುವಂಥದ್ದಲ್ಲ. ಅದಕ್ಕೆ ಹದಿನೈದಿಪ್ಪತ್ತು ಜನ ಲೈಕ್ ಒತ್ತಿದರು. ಬೇಸರಪಟ್ಟವರು ನೂರು ಜನ ಇದ್ದಿರಬಹುದು. ಅವರ ಬೇಸರ ಎಲ್ಲೂ ಕಾಣಲಿಲ್ಲ. ಅವರಿಗೆ ಒತ್ತಲಿಕ್ಕೆ ಏನೂ ಇರಲಿಲ್ಲ. ಮಾಡರೇಟರ್ ಎದ್ದು ಡಿಲೀಟ್ ಮಾಡುವಾಗ ಬೆಳಗ್ಗೆ ಹತ್ತು ಗಂಟೆ.

"ಉತ್ತರ ಕೊಡಿ, ಬಾಣ ಒತ್ತಬೇಡಿ" ಅಂತ ಹೇಳುವುದು ಸುಲಭ. ನಾನು ಉತ್ತರ ಕೊಟ್ಟರೆ ಆ ಮನುಷ್ಯ ನನ್ನ ಪ್ರೊಫೈಲಿಗೆ ಬರುತ್ತಾನೆ, ಮೆಸೇಜ್ ಕಳಿಸುತ್ತಾನೆ. ಬಾಣ ಒತ್ತಿದರೆ ನಾನು ಯಾರು ಅಂತ ಅವನಿಗೆ ಗೊತ್ತಾಗುವುದಿಲ್ಲ. ವಾದ ಮಾಡುವ ಧೈರ್ಯವೂ ಪುರುಸೊತ್ತೂ ಇಲ್ಲದವರ ಕೈಯಲ್ಲಿ ಇರುವುದು ಅದೊಂದೇ. ಅದನ್ನೂ ಕಿತ್ತುಕೊಂಡರೆ ಜೋರಾಗಿ ಮಾತಾಡುವವರದೇ ರಾಜ್ಯ. ಆಗ ಯಾವ ಬಗೆಬಗೆಯ ಅಭಿಪ್ರಾಯ ಉಳಿಯುತ್ತದೆ, ಹೇಳಿ?

ಬಿಜೈ_ಓದುಗ

ಅಕ್ಕ, ಬೇಜಾರು ಎಂಥದ್ದು. ಈ ಕಡೆಯಿಂದ ನಾನು ಯೋಚಿಸಿರಲೇ ಇಲ್ಲ. ನಿಮಗೆ ಕಾಪಾಡಿಕೊಳ್ಳಲು ಬೇಕಾದ ಬಾಣವೂ ಬ್ರಹ್ಮಾವರದ ಸದಸ್ಯೆಯನ್ನು ಓಡಿಸಿದ ಬಾಣವೂ ಒಂದೇ. ನನಗೆ ಕಷ್ಟ ಆಗುತ್ತಿರುವುದು ಅಲ್ಲೇ.

ಮಲ್ಪೆ_ಅಲೆ

ನನ್ನ ವಿಷಯ ಹೇಳುತ್ತೇನೆ. ನಮ್ಮದು ನಾಡದೋಣಿ ಮನೆ, ಸಣ್ಣ ಸಾಂಪ್ರದಾಯಿಕ ದೋಣಿಯಲ್ಲಿ ಮೀನು ಹಿಡಿಯುವವರು. ಅಪ್ಪನ ಕಾಲದಿಂದ.

ಲೈಟ್ ಫಿಶಿಂಗನ್ನು (ರಾತ್ರಿ ಜೋರು ಬೆಳಕು ಬಿಟ್ಟು ಮೀನು ಸೆಳೆದು ಹಿಡಿಯುವುದು) ಕೇಂದ್ರ ಸರಕಾರ 2017ರಲ್ಲೇ ನಿಷೇಧಿಸಿದೆ. ಬುಲ್ ಟ್ರಾಲಿಂಗನ್ನೂ (ಎರಡು ಬೋಟ್ ಸೇರಿ ಒಂದೇ ಬಲೆ ಎಳೆಯುವುದು). ಆದರೂ ರಾತ್ರಿ ಸಮುದ್ರದಲ್ಲಿ ಬೆಳಕು ಕಾಣುತ್ತದೆ ಅಂತ ನಮ್ಮವರು ಹೇಳುತ್ತಲೇ ಇರುತ್ತಾರೆ. ಮೀನುಗಾರರ ಒಂದು ದೊಡ್ಡ ಆನ್‌ಲೈನ್ ಗುಂಪಿನಲ್ಲಿ ನಾನು ಇದನ್ನು ಬರೆದೆ. ಅಲ್ಲಿ ದೊಡ್ಡ ಯಾಂತ್ರಿಕ ಬೋಟಿನವರೇ ಜಾಸ್ತಿ. ಮೈನಸ್ ಬಂತು, ಕಮೆಂಟ್ ಅಡಿಗೆ ಹೋಯಿತು. ಇನ್ನೊಂದು ಸಲ ಬರೆದೆ, ಸ್ವಲ್ಪ ಸಿಟ್ಟಿನಲ್ಲಿ. ಇನ್ನೂ ಮೈನಸ್. ಮೂರನೇ ಸಲ ಬರೆದದ್ದು ನಿಜವಾಗಿ ಕೆಟ್ಟದಾಗಿತ್ತು. ಬೋಟಿನಲ್ಲಿ ಕೂಲಿಗೆ ಹೋಗುವವರನ್ನೂ ಸೇರಿಸಿ ಬೈದಿದ್ದೆ. ಅವರಲ್ಲಿ ನನ್ನ ಚಿಕ್ಕಪ್ಪನ ಮಗನೂ ಉಂಟು.

ಆಮೇಲೆ ಆ ಗುಂಪು ಬಿಟ್ಟೆ. ನಾಡದೋಣಿಯವರದ್ದೇ ಒಂದು ವಾಟ್ಸಾಪ್ ಗುಂಪಿಗೆ ಹೋದೆ. ಅಲ್ಲಿ ನಾನು ಹೇಳಿದ್ದಕ್ಕೆಲ್ಲ ಎಲ್ಲರೂ ಹೌದು ಅನ್ನುತ್ತಾರೆ. ಮೊದಮೊದಲು ಹಿತ ಆಯಿತು. ಒಂದು ವರ್ಷ ಕಳೆದ ಮೇಲೆ ಗೊತ್ತಾಯಿತು, ಬೋಟಿನವರ ಸಾಲ, ಡೀಸೆಲ್ ಖರ್ಚು, ಜೂನ್ 1ರಿಂದ ಜುಲೈ 31ರವರೆಗೆ ಬೋಟ್ ದಡದಲ್ಲೇ ನಿಲ್ಲುವ ಕಷ್ಟ, ಇದ್ಯಾವುದೂ ನನ್ನ ಕಿವಿಗೆ ಬೀಳುತ್ತಲೇ ಇಲ್ಲ. ಆ ಕಡೆ ಅವರಿಗೂ ನಮ್ಮ ಮಾತು ಬೀಳುತ್ತಿಲ್ಲ. ಬಂದರಿನಲ್ಲಿ ಮುಖಾಮುಖಿ ಸಿಕ್ಕಿದರೆ ಹತ್ತು ನಿಮಿಷ ಜಗಳ ಮಾಡಿ ಆಮೇಲೆ ಒಟ್ಟಿಗೆ ಚಾ ಕುಡಿಯುತ್ತೇವೆ. ಮೊಬೈಲಿನಲ್ಲಿ ಆ ಜಗಳವೇ ಇಲ್ಲ.

ಮಣಿಪಾಲ_ಕೋಡರ್

ಅಣ್ಣ, ನೀವು ಬರೆದದ್ದು ಅಧ್ಯಯನದಲ್ಲೂ ಕಂಡಿದೆ. 2014ರಲ್ಲಿ ಜಸ್ಟಿನ್ ಚೆಂಗ್ ಮತ್ತು ಜೊತೆಗಾರರು ನಾಲ್ಕು ಸುದ್ದಿ ತಾಣಗಳ ಕಮೆಂಟುಗಳನ್ನು ನೋಡಿದರು. ಸಿಎನ್ಎನ್ ಒಂದು, ಬಲಪಂಥದ ಬ್ರೈಟ್‌ಬಾರ್ಟ್ ಒಂದು, ವಿಡಿಯೋ ಗೇಮಿನದು ಒಂದು, ಕೊರಿಯಾದ ಪಾಪ್ ಸಂಗೀತದ್ದು ಒಂದು. ಮೈನಸ್ ಬಿದ್ದವರು ಸುಧಾರಿಸುತ್ತಾರೆ ಅಂತ ನಾವು ಅಂದುಕೊಳ್ಳುತ್ತೇವೆ ಅಲ್ವಾ? ಆದದ್ದು ಉಲ್ಟಾ. ಮೈನಸ್ ಬಿದ್ದವರು ಇನ್ನೂ ಜಾಸ್ತಿ ಬರೆದರು. ಬರೆದದ್ದರ ಗುಣಮಟ್ಟ ಇಳಿಯಿತು. ಬೇರೆಯವರಿಗೂ ಜಾಸ್ತಿ ಮೈನಸ್ ಒತ್ತತೊಡಗಿದರು. ಪ್ಲಸ್ ಬಿದ್ದವರ ಬರಹವೇನೂ ಅದರಿಂದ ಸುಧಾರಿಸಲಿಲ್ಲ. ನಿಮ್ಮ ಮೂರನೇ ಕಮೆಂಟ್ ಬಂದದ್ದು ಇದೇ ದಾರಿಯಲ್ಲಿ.

ಇನ್ನೊಂದು ಅಧ್ಯಯನವನ್ನೂ ಹೇಳಲೇಬೇಕು. ಅದು ಬಾಣವನ್ನು ಬೈಯುವವರಿಗೆ ಪೂರ್ತಿ ಅನುಕೂಲ ಅಲ್ಲ. 2013ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಲೆವ್ ಮುಚ್ನಿಕ್, ಸಿನಾನ್ ಅರಲ್, ಶಾನ್ ಟೇಲರ್ ಒಂದು ಪ್ರಯೋಗ ಪ್ರಕಟಿಸಿದರು. ಐದು ತಿಂಗಳು, 1,01,281 ಕಮೆಂಟ್. ಕೆಲವಕ್ಕೆ ಹಾಕಿದ ಕೂಡಲೇ ಸುಮ್ನೆ ಒಂದು ಪ್ಲಸ್ ಕೊಟ್ಟರು, ಕೆಲವಕ್ಕೆ ಒಂದು ಮೈನಸ್. ಸುಳ್ಳು ಪ್ಲಸ್ ಬಿದ್ದ ಕಮೆಂಟಿನ ಕೊನೆಯ ಅಂಕ ಸರಾಸರಿ ಶೇ. 25 ಏರಿತು. ಸುಳ್ಳು ಮೈನಸ್ಸನ್ನು ಜನ ಪ್ಲಸ್ ಒತ್ತಿ ಸರಿ ಮಾಡಿಬಿಟ್ಟರು. ಆ ಪ್ಲಸ್ ಏರಿಕೆ ಎದ್ದು ಕಂಡ ವಿಷಯಗಳಲ್ಲಿ ರಾಜಕೀಯವೂ ಒಂದು.

ಅಂದರೆ ಗುಂಪು ಗುಂಪಾಗಿ ಹಿಂದೆ ಹೋಗುವ ಚಾಳಿ ಲೈಕಿಗೂ ಉಂಟು. ಕೆಳಗಿನ ಬಾಣ ತೆಗೆದ ಕೂಡಲೇ ಎಲ್ಲ ಸರಿಹೋಗುವುದಿಲ್ಲ. ಆದರೆ ಒಂದು ವ್ಯತ್ಯಾಸ ಗಮನಿಸಿ. ಜನ ಮೈನಸ್ ಸರಿ ಮಾಡಲಿಕ್ಕೆ ಆ ಕಮೆಂಟ್ ಅವರ ಕಣ್ಣಿಗೆ ಬೀಳಬೇಕು. ನಮ್ಮಲ್ಲಿ ಮೈನಸ್ 5 ಆದ ಕೂಡಲೇ ಮಡಚುತ್ತದೆ. ಸರಿ ಮಾಡುವವರು ನೋಡುವ ಮೊದಲೇ ಬಾಗಿಲು ಹಾಕಿದ ಹಾಗೆ. ನನಗೆ ದೊಡ್ಡ ತಪ್ಪು ಕಾಣುವುದು ಈ ಮಡಚುವಿಕೆಯಲ್ಲಿ.

ಅರ್ಥಧಾರಿ_ಅಭಿಮಾನಿ

ತಾಂತ್ರಿಕ ವಿಷಯ ನನಗೆ ಅಷ್ಟು ತಿಳಿಯದು. ಆದರೆ ನಮ್ಮ ಊರಿನಲ್ಲಿ ತಾಳಮದ್ದಳೆ (ವೇಷ, ಕುಣಿತ ಇಲ್ಲದೆ ಕೂತು ಮಾತಿನಲ್ಲೇ ನಡೆಸುವ ಯಕ್ಷಗಾನ) ಕೇಳಿ ಬೆಳೆದವರಿಗೆ ಈ ಪ್ರಶ್ನೆ ಹೊಸದಲ್ಲ.

ವಾಲಿಯ ಸಂದರ್ಭ ತೆಗೆದುಕೊಳ್ಳಿ. ಮರೆಯಲ್ಲಿ ನಿಂತು ಬಾಣ ಬಿಟ್ಟೆಯಲ್ಲ, ನಾನು ನಿನಗೆ ಏನು ಮಾಡಿದ್ದೆ ಅಂತ ವಾಲಿ ರಾಮನನ್ನು ಕೇಳುತ್ತಾನೆ. ಕೂತವರೆಲ್ಲ ರಾಮಭಕ್ತರು. ಎದುರಿಗೆ ದೀಪ ಉಂಟು, ಹಿಂದೆ ದೇವಸ್ಥಾನ. ಆದರೂ ವಾಲಿಯ ಮಾತು ಮುಗಿಯುವವರೆಗೆ ಯಾರೂ ಏಳುವುದಿಲ್ಲ. ವಾಲಿ ಗಟ್ಟಿಯಾಗಿ ಕೇಳಿದಷ್ಟೂ ರಾಮನ ಅರ್ಥ ಹೇಳುವವರಿಗೆ ಕೆಲಸ ಜಾಸ್ತಿ, ಕೇಳುವವರಿಗೆ ಖುಷಿ ಜಾಸ್ತಿ. ಹೆಸರಾಂತ ಅರ್ಥಧಾರಿ ಶೇಣಿ ಗೋಪಾಲಕೃಷ್ಣ ಭಟ್ಟರು ಎದುರು ಪಕ್ಷದ ಪಾತ್ರಗಳ ಮಾತನ್ನು ಎಷ್ಟು ಬಲವಾಗಿ ಕಟ್ಟುತ್ತಿದ್ದರು ಅಂತ ಹಿರಿಯರು ಈಗಲೂ ಹೇಳುತ್ತಾರೆ. ಇಂದು ಕರ್ಣನ ಪರ ಮಾತಾಡಿದವರು ನಾಳೆ ಇನ್ನೊಂದು ಊರಿನಲ್ಲಿ ಕೃಷ್ಣ.

ಅಲ್ಲೂ ಕೇಳುವವರು ಅಂಕ ಹಾಕುತ್ತಾರೆ. ಮಾತು ಸೋತರೆ ಆಕಳಿಸುತ್ತಾರೆ, ಎದ್ದು ಚಾ ಕುಡಿಯಲು ಹೋಗುತ್ತಾರೆ. ಆದರೆ ಅದು ಮಾತು ಹೇಗಿತ್ತು ಅನ್ನುವುದಕ್ಕೆ. ವಾಲಿ ವಾಲಿಯ ಪರ ಮಾತಾಡಿದ ಅನ್ನುವುದಕ್ಕಲ್ಲ. ಆರಂಭದಲ್ಲೇ ಅವನ ಮೈಕ್ ಬಂದ್ ಮಾಡಿದರೆ ರಾಮನಿಗೆ ಉತ್ತರ ಹೇಳುವ ಅವಕಾಶವೇ ಇಲ್ಲ.

ಶಂಕರಪುರ_ಮಲ್ಲಿಗೆ

ನಿಮ್ಮ ಮಾತು ಚೆಂದ ಉಂಟು. ಒಂದು ಮಾತ್ರ. ತಾಳಮದ್ದಳೆಯಲ್ಲಿ ವಾಲಿ ಬೈಗುಳ ಹೇಳುವುದಿಲ್ಲ. ಹೇಳಿದರೆ ಭಾಗವತರೇ ಪದ ಎತ್ತಿ ಮುಂದೆ ಹೋಗುತ್ತಾರೆ. ಅಲ್ಲಿ ಭಾಗವತರು ಇಡೀ ರಾತ್ರಿ ಎಚ್ಚರ ಇರುತ್ತಾರೆ. ನಮ್ಮ ಮಾಡರೇಟರುಗಳು ಇಬ್ಬರೇ. ಇಬ್ಬರಿಗೂ ನೌಕರಿ ಉಂಟು, ಮಕ್ಕಳು ಉಂಟು.

ಸರ್ವಿಸ್_ಬಸ್

ಬಸ್ ಚರ್ಚೆಯಲ್ಲಿ ಆ ಒಂದು ಸಾಲಿನ ಉತ್ತರ ಕೊಟ್ಟವರಲ್ಲಿ ನಾನೂ ಒಬ್ಬ. ನನ್ನ ಅಣ್ಣ ಹದಿನಾರು ವರ್ಷದಿಂದ ಖಾಸಗಿ ಬಸ್ಸಿನಲ್ಲಿ ಕಂಡಕ್ಟರ್. ಹೆಂಗಸರು ಸರಕಾರಿ ಬಸ್ಸಿಗೆ ಹೋದರೆ ನಮ್ಮ ಮನೆಯ ಅನ್ನಕ್ಕೆ ಕುತ್ತು. ಆ ಹೆದರಿಕೆ ನನಗಿತ್ತು. ಈಗಲೂ ಉಂಟು.

ಆದರೆ ಇನ್ನೊಂದನ್ನು ಕೇಳಿ. ಇದೇ ವಿಷಯವನ್ನು ನಾನು ಇಡೀ ರಾಜ್ಯದವರು ಇರುವ ಒಂದು ದೊಡ್ಡ ಗುಂಪಿನಲ್ಲಿ ಬರೆದಿದ್ದೆ. ಕರಾವಳಿಯಲ್ಲಿ ಖಾಸಗಿ ಬಸ್ ಹೇಗೆ ಬೆಳೆಯಿತು, ಸ್ವಾತಂತ್ರ್ಯದ ಮೊದಲಿಂದಲೂ ಇಲ್ಲಿ ಜನ ಅದನ್ನೇ ನಂಬಿದ್ದಾರೆ, ಹಳ್ಳಿ ಹಳ್ಳಿಗೆ ಹೋಗುವುದು ಅದೇ ಅಂತ. ಅಲ್ಲಿ ಬೆಂಗಳೂರು, ಮೈಸೂರು ಕಡೆಯವರು ಜಾಸ್ತಿ. ಅವರ ಅನುಭವ ಬೇರೆ. ನನ್ನ ಕಮೆಂಟ್ ಒಂದು ಗಂಟೆಯೂ ಉಳಿಯಲಿಲ್ಲ. "ಮಾಲೀಕರ ಏಜೆಂಟ್" ಅಂತ ಒಬ್ಬರು ಬರೆದರು, ಅದಕ್ಕೆ ಪ್ಲಸ್ ಬಿತ್ತು.

ಅಲ್ಲಿ ನಾನು ಮೈನಸ್ ತಿಂದೆ. ಇಲ್ಲಿ ಆ ಅಕ್ಕನಿಗೆ ಮೈನಸ್ ಕೊಟ್ಟೆ. ವಾದದಲ್ಲಿ ಏನೂ ಬದಲಾಗಿರಲಿಲ್ಲ. ಯಾವ ಗುಂಪಿನಲ್ಲಿ ಯಾರು ಜಾಸ್ತಿ ಅನ್ನುವುದು ಮಾತ್ರ ಬದಲಾಗಿತ್ತು. ಎರಡೂ ಮಾತು ಒಂದೇ ಕಡೆ ಇದ್ದಿದ್ದರೆ ಬಸ್ಸಿನ ಬಗ್ಗೆ ಏನಾದರೂ ಗೊತ್ತಾಗುತ್ತಿತ್ತು.

ಬಂಟ್ವಾಳ_ಮಾಸ್ಟ್ರು

ನಾನು ಶಾಲೆಯಲ್ಲಿ ಸಮಾಜ ಪಾಠ ಮಾಡುವವನು. ಆರೇಳು ಚುನಾವಣೆಯಲ್ಲಿ ಬೂತಿನಲ್ಲಿ ಕೂತಿದ್ದೇನೆ. ಆ ಅನುಭವದಿಂದ ಎರಡು ಮಾತು.

ನಮ್ಮ ಮತಯಂತ್ರದಲ್ಲಿ ಮೈನಸ್ ಬಟನ್ ಇಲ್ಲ. ಸುಪ್ರೀಂ ಕೋರ್ಟ್ 2013ರ ಸೆಪ್ಟೆಂಬರಿನಲ್ಲಿ ತೀರ್ಪು ಕೊಟ್ಟ ಮೇಲೆ ನೋಟಾ ಬಂತು. ನೋಟಾ ಒತ್ತಿದರೂ ಯಾವ ಅಭ್ಯರ್ಥಿಯ ಮತವೂ ಕಡಿಮೆ ಆಗುವುದಿಲ್ಲ. ಅದು ಬೇರೆಯೇ ಸಾಲಿನಲ್ಲಿ ಎಣಿಕೆ ಆಗುತ್ತದೆ. ನನ್ನ ಒಪ್ಪಿಗೆ ಇಲ್ಲ ಅಂತ ಹೇಳಬಹುದು, ಆದರೆ ಇನ್ನೊಬ್ಬರಿಗೆ ಬಿದ್ದ ಮತವನ್ನು ಅಳಿಸಲಾಗದು. ಲಾಟ್ವಿಯಾ ದೇಶದಲ್ಲಿ ಪಕ್ಷದ ಪಟ್ಟಿಗೆ ಮತ ಹಾಕುವಾಗ ಬೇಡದ ಅಭ್ಯರ್ಥಿಯ ಹೆಸರಿನ ಮೇಲೆ ಗೆರೆ ಎಳೆಯಬಹುದು. ಆದರೆ ಅದು ತಾನೇ ಆರಿಸಿದ ಪಕ್ಷದ ಪಟ್ಟಿಯೊಳಗೆ ಮಾತ್ರ. ಎದುರು ಪಕ್ಷದವರ ಹೆಸರನ್ನು ಹೋಗಿ ಹೊಡೆದುಹಾಕುವ ಹಾಗಿಲ್ಲ. ನಮ್ಮ ಬಾಣ ಮಾಡುವುದು ಸರಿಯಾಗಿ ಇದನ್ನೇ.

ಎರಡನೇದು. ಮತ ಹಾಕುವಾಗ ಉಳಿದವರದ್ದು ಎಷ್ಟಾಯಿತು ಅಂತ ಕಾಣುವುದಿಲ್ಲ. ಕಂಡರೆ ಏನಾಗುತ್ತದೆ? 1950ರ ದಶಕದಲ್ಲಿ ಸಾಲೊಮನ್ ಆಶ್ ಅನ್ನುವ ಮನಶ್ಶಾಸ್ತ್ರಜ್ಞರು ಒಂದು ಪ್ರಯೋಗ ಮಾಡಿದರು. ಮೂರು ಗೆರೆಗಳಲ್ಲಿ ಯಾವುದು ತೋರಿಸಿದ ಗೆರೆಯಷ್ಟೇ ಉದ್ದ ಅಂತ ಹೇಳಬೇಕು, ಅಷ್ಟೇ. ಕಣ್ಣಿಗೆ ಸ್ಪಷ್ಟ ಕಾಣುತ್ತದೆ. ಆದರೆ ಕೋಣೆಯಲ್ಲಿದ್ದ ಉಳಿದವರೆಲ್ಲ ಮೊದಲೇ ಮಾತಾಡಿಕೊಂಡು ತಪ್ಪು ಉತ್ತರ ಹೇಳುತ್ತಿದ್ದರು. ನಾಲ್ವರಲ್ಲಿ ಮೂವರು ಒಂದು ಸಲವಾದರೂ ಆ ತಪ್ಪನ್ನೇ ಹೇಳಿದರು. ಇದನ್ನು ಎಲ್ಲರೂ ಹೇಳುತ್ತಾರೆ. ಮುಂದಿನದ್ದನ್ನು ಯಾರೂ ಹೇಳುವುದಿಲ್ಲ. ಅಲ್ಲಿ ಒಬ್ಬನೇ ಒಬ್ಬ ಸರಿ ಉತ್ತರ ಹೇಳಿದರೆ ಸಾಕು, ಗುಂಪಿನ ಹಿಂದೆ ಹೋಗುವುದು ತುಂಬಾ ಕಡಿಮೆ ಆಯಿತು.

ಬ್ರಹ್ಮಾವರದ ಆ ಹೆಣ್ಣುಮಗಳ ಕಮೆಂಟ್ ತೆರೆದಿದ್ದರೆ ಇನ್ನೊಬ್ಬರಿಗೆ ಅವರು ಆ ಒಬ್ಬರಾಗುತ್ತಿದ್ದರು. ಮಡಚಿದ್ದರಿಂದ ಅವರು ಒಬ್ಬರೇ ಮೌನ ಆದದ್ದಲ್ಲ. ಬರೆಯಬೇಕು ಅಂತ ಬಂದು, ಬರೆಯದೆ ಹಿಂದೆ ಹೋದವರೂ ಇರುತ್ತಾರೆ.

ಮಣಿಪಾಲ_ಕೋಡರ್

ಮಾಸ್ಟ್ರೇ, ಇದನ್ನು ನಾನು ಉಳಿಸಿಟ್ಟುಕೊಳ್ಳುತ್ತೇನೆ.

ಈಗ ಏನು ಮಾಡಬಹುದು? ಬೇರೆಯವರು ಮಾಡಿದ್ದು ನೋಡೋಣ. ಯೂಟ್ಯೂಬ್ 2021ರ ನವೆಂಬರಿನಲ್ಲಿ ಡಿಸ್‌ಲೈಕ್ ಸಂಖ್ಯೆ ಮುಚ್ಚಿತು. ಬಟನ್ ಉಂಟು, ಲೆಕ್ಕ ಹೊರಗೆ ಕಾಣುವುದಿಲ್ಲ. ಸಣ್ಣ ಚಾನೆಲ್‌ಗಳ ಮೇಲೆ ಗುಂಪುಕಟ್ಟಿ ದಾಳಿ ಆಗುತ್ತಿತ್ತು ಅಂತ ಕಾರಣ ಕೊಟ್ಟರು. ಪ್ರೋಗ್ರಾಮರುಗಳ ಪ್ರಶ್ನೋತ್ತರ ತಾಣ ಸ್ಟಾಕ್ ಓವರ್‌ಫ್ಲೋದಲ್ಲಿ ಇನ್ನೊಬ್ಬರ ಉತ್ತರಕ್ಕೆ ಮೈನಸ್ ಒತ್ತಿದರೆ ಒತ್ತಿದವರದ್ದೂ ಒಂದು ಅಂಕ ಹೋಗುತ್ತದೆ. ಕೈಯಿಂದ ಏನಾದರೂ ಹೋಗುತ್ತದೆ ಅಂದರೆ ಮನುಷ್ಯ ಒಂದು ಕ್ಷಣ ನಿಲ್ಲುತ್ತಾನೆ. ಹ್ಯಾಕರ್ ನ್ಯೂಸಿನಲ್ಲಿ 501 ಅಂಕ ಆಗುವವರೆಗೆ ಮೈನಸ್ ಬಾಣವೇ ಸಿಗುವುದಿಲ್ಲ. ಇದು ನನಗೆ ಅಷ್ಟು ಸರಿ ಕಾಣುವುದಿಲ್ಲ. ಹಳಬರ ಕೈಗೆ ಮಾತ್ರ ದೊಣ್ಣೆ ಕೊಟ್ಟ ಹಾಗೆ.

ನನಗೆ ಹಿಡಿಸುವುದು ತಂತ್ರಜ್ಞಾನ ಸುದ್ದಿಯ ತಾಣ ಸ್ಲ್ಯಾಶ್‌ಡಾಟ್ ಹಳೆ ಕಾಲದಲ್ಲೇ ಮಾಡಿದ ಕ್ರಮ. ಅಂಕ ಹಾಕುವಾಗ ಯಾಕೆ ಅಂತ ಒಂದು ಶಬ್ದ ಆರಿಸಬೇಕು. ಒಳನೋಟ ಇದೆ, ತಮಾಷೆ ಇದೆ, ಕೆಣಕಲು ಬರೆದದ್ದು, ವಿಷಯ ಬಿಟ್ಟದ್ದು, ಹೀಗೆ. ಒಪ್ಪಲಿಲ್ಲ ಅನ್ನುವ ಶಬ್ದ ಆ ಪಟ್ಟಿಯಲ್ಲೇ ಇಲ್ಲ. ಎಲ್ಲರಿಗೂ ಯಾವಾಗಲೂ ಅಂಕ ಹಾಕಲಿಕ್ಕೂ ಆಗುವುದಿಲ್ಲ. ಕೆಲವರಿಗೆ ಕೆಲವೇ ಅಂಕ, ಅದೂ ಸ್ವಲ್ಪ ದಿನಕ್ಕೆ.

ತೈವಾನಿನಲ್ಲಿ 2015ರಲ್ಲಿ ಊಬರ್ ಗಲಾಟೆ ಆದಾಗ ಪೋಲಿಸ್ ಅನ್ನುವ ಸಾಧನ ಬಳಸಿದರು. ಖಾಕಿಯವರಲ್ಲ, ಸಾಫ್ಟ್‌ವೇರಿನ ಹೆಸರೇ ಹಾಗೆ. ಒಂದೊಂದು ಮಾತಿಗೆ ಒಪ್ಪುತ್ತೇನೆ, ಒಪ್ಪುವುದಿಲ್ಲ, ಬಿಡುತ್ತೇನೆ ಅಂತ ಮೂರೇ ಆಯ್ಕೆ. ಉತ್ತರ ಬರೆಯುವ ಜಾಗವೇ ಇಲ್ಲ. ಒಪ್ಪುವುದಿಲ್ಲ ಅಂದರೆ ಮಾತು ಕೆಳಗೆ ಹೋಗುವುದಿಲ್ಲ. ಯಾರು ಯಾರು ಒಂದೇ ಥರ ಯೋಚಿಸುತ್ತಾರೆ ಅಂತ ಗುಂಪು ಮಾಡಿ ತೋರಿಸುತ್ತದೆ. ಎಲ್ಲ ಗುಂಪುಗಳೂ ಒಪ್ಪಿದ ಮಾತು ಯಾವುದು ಅಂತಲೂ ತೋರಿಸುತ್ತದೆ. ಅಲ್ಲಿ ಟ್ಯಾಕ್ಸಿಯವರದ್ದೂ ಊಬರಿನವರದ್ದೂ ಜಗಳ. ನಮ್ಮ ಬಸ್ ಜಗಳದ ಹಾಗೆಯೇ ಅಲ್ವಾ?

ಮಲ್ಪೆ_ಅಲೆ

ಹಾಗೊಂದು ಇದ್ದರೆ ನಾಡದೋಣಿಯವರೂ ಬೋಟಿನವರೂ ಒಟ್ಟಿಗೆ ಒಪ್ಪುವ ಮಾತು ಖಂಡಿತ ಸಿಗುತ್ತದೆ. ಸಣ್ಣ ಮರಿಮೀನು ಹಿಡಿಯಬಾರದು ಅನ್ನುವುದರಲ್ಲಿ ಇಬ್ಬರದ್ದೂ ಒಂದೇ ಮಾತು. ನಾವು ಅದರ ಬಗ್ಗೆ ಮಾತಾಡುವುದೇ ಇಲ್ಲ.

ಮಾಡರೇಟರ್

ಎಲ್ಲ ಓದಿದೆವು. ನಾವಿಬ್ಬರೂ ನಿನ್ನೆ ರಾತ್ರಿ ಫೋನಿನಲ್ಲಿ ಒಂದು ಗಂಟೆ ಮಾತಾಡಿದೆವು. ನಮ್ಮದು ಸ್ವಂತ ಸಾಫ್ಟ್‌ವೇರ್. ಮಣಿಪಾಲ_ಕೋಡರ್ ಕೈ ಹಾಕುತ್ತೇನೆ ಅಂದಿದ್ದಾರೆ. ಎರಡು ತಿಂಗಳು ಹೀಗೆ ಮಾಡಿ ನೋಡುತ್ತೇವೆ.

ರಾಜಕೀಯ ವಿಭಾಗದಲ್ಲಿ ಕಮೆಂಟ್ ಮಡಚುವುದು ನಿಲ್ಲುತ್ತದೆ. ಕೆಳಗಿನ ಬಾಣ ಒತ್ತಿದರೆ ಕಾರಣ ಕೇಳುತ್ತದೆ: ಸುಳ್ಳು ಮಾಹಿತಿ, ಬೈಗುಳ, ಅಥವಾ ವಿಷಯಕ್ಕೆ ಸಂಬಂಧ ಇಲ್ಲ. ಬೈಗುಳ ಅಂತ ಮೂವರು ಒತ್ತಿದರೆ ನಾವು ನೋಡುವವರೆಗೆ ಕಮೆಂಟ್ ಮರೆಯಾಗುತ್ತದೆ. ಒತ್ತಿದವರ ಹೆಸರು ಯಾರಿಗೂ ಕಾಣುವುದಿಲ್ಲ. ಶಂಕರಪುರ_ಮಲ್ಲಿಗೆಯವರೇ, ಇದು ನಿಮ್ಮ ಮಾತಿನಿಂದಲೇ ಬಂದದ್ದು. ಅದನ್ನು ದುರುಪಯೋಗ ಮಾಡಿದವರಿಗೆ ಬಾಣ ಒಂದು ತಿಂಗಳು ಸಿಗುವುದಿಲ್ಲ. "ಒಪ್ಪುವುದಿಲ್ಲ" ಅಂತ ಒಂದು ಬೇರೆ ಬಟನ್ ಇರುತ್ತದೆ. ಅದರ ಸಂಖ್ಯೆ ಪಕ್ಕದಲ್ಲಿ ಕಾಣುತ್ತದೆ, ಆದರೆ ಕಮೆಂಟ್ ಅಲುಗುವುದಿಲ್ಲ. ಮೊದಲ ದಿನ ಯಾವ ಅಂಕವೂ ಯಾರಿಗೂ ಕಾಣುವುದಿಲ್ಲ.

ಇನ್ನೊಬ್ಬರು ಮಾಡರೇಟರ್ ಬೇಕು. ರಾತ್ರಿ ಹನ್ನೊಂದರ ನಂತರ ಎಚ್ಚರ ಇರುವವರು ದಯವಿಟ್ಟು ತಿಳಿಸಿ.

ಶಂಕರಪುರ_ಮಲ್ಲಿಗೆ

ರಾತ್ರಿ ನಾನಿರುತ್ತೇನೆ. ಬೆಳಗ್ಗೆ ಬೇಗ ಮೊಗ್ಗು ಕೊಯ್ಯಲು ಏಳಬೇಕು, ಹಾಗಾಗಿ ಹನ್ನೆರಡೂವರೆವರೆಗೆ ಮಾತ್ರ.

ಬಿಜೈ_ಓದುಗ

ಎಲ್ಲರಿಗೂ ಧನ್ಯವಾದ. ಈಗ ಹಳೆ ಥ್ರೆಡ್ಡಿಗೆ ಹೋಗಿ ನನ್ನ ಬಾಣ ಹಿಂದೆ ತೆಗೆದೆ. ಅವರ ಕಮೆಂಟಿನ ಅಡಿಯಲ್ಲಿ ಅವತ್ತು ಬರೆಯಬೇಕಿದ್ದದ್ದನ್ನು ಬರೆದೆ. ಇಲ್ಲೂ ಹಾಕುತ್ತೇನೆ.

"ಮೇಡಂ, ನಿಮ್ಮ ಮಾತಿಗೆ ಕಾರಣ ಹೇಳದೆ ಮೈನಸ್ ಒತ್ತಿದವರಲ್ಲಿ ನಾನೂ ಒಬ್ಬ. ಕ್ಷಮಿಸಿ. ನನ್ನ ಅಭಿಪ್ರಾಯ ಈಗಲೂ ಬೇರೆಯೇ. ಸರಕಾರಿ ಬಸ್ ಬಂದು ಖಾಸಗಿ ಬಸ್ ಕಡಿಮೆಯಾದರೆ ಈಗ ಐದು ಹತ್ತು ನಿಮಿಷಕ್ಕೆ ಸಿಗುವ ಬಸ್ಸಿಗೆ ಅರ್ಧ ಗಂಟೆ ಕಾಯಬೇಕಾಗಬಹುದು ಅನ್ನುವುದು ನನ್ನ ಹೆದರಿಕೆ. ಆದರೆ ಟಿಕೆಟಿಗೆ ನಿಮ್ಮ ಸಂಬಳದಲ್ಲಿ ಎಷ್ಟು ಹೋಗುತ್ತದೆ ಅಂತ ನೀವು ಬರೆದ ಲೆಕ್ಕಕ್ಕೆ ನನ್ನ ಹತ್ತಿರ ಉತ್ತರ ಇಲ್ಲ. ಉಡುಪಿ ಸಿಟಿಯಲ್ಲಿ ಓಡುವ ನರ್ಮ್ ಅನ್ನುವ ಸರಕಾರಿ ಸಿಟಿ ಬಸ್ಸಿನ ಹಾಗೆ ಬೆಳಗ್ಗೆ ಸಂಜೆ ಮಾತ್ರ ಈ ರೂಟಿಗೆ ನಾಲ್ಕೈದು ಸರಕಾರಿ ಬಸ್ ಬಿಟ್ಟರೆ ನಿಮಗೆ ಸಾಕಾಗುತ್ತದಾ? ಯಾವ ಸಮಯಕ್ಕೆ ಬೇಕು? ದಯವಿಟ್ಟು ಬರೆಯಿರಿ."

ಸರ್ವಿಸ್_ಬಸ್

ನಾನೂ ಅಲ್ಲೇ ಬರೆದಿದ್ದೇನೆ. ಸಂಜೆ ಐದೂವರೆಯಿಂದ ಏಳರವರೆಗೆ ನಮ್ಮ ಬಸ್ಸಿನಲ್ಲಿ ಕಾಲಿಡಲು ಜಾಗ ಇರುವುದಿಲ್ಲ ಅಂತ ಅಣ್ಣನೇ ಹೇಳುತ್ತಾನೆ. ಆ ಹೊತ್ತಿಗೆ ಸರಕಾರಿ ಬಸ್ ಬಂದರೆ ಅವನ ಕಲೆಕ್ಷನ್ ಎಷ್ಟು ಕಡಿಮೆ ಆಗಬಹುದು ಅಂತ ಇವತ್ತು ರಾತ್ರಿ ಕೇಳಿ ಹೇಳುತ್ತೇನೆ.